ನೀರಿನ ಪಕ್ಕ ಕೂರಿಸಿದರೆ ಗೊಂಬೆ ಯಾಕೆ ಆಟಿಕೆಯಂತೆ ಕಾಣುತ್ತದೆ?

ಪ್ರಶ್ನೆ: ಗಿಡದ ಕೆಳಗೆ, ಹುಲ್ಲಿನ ಮೇಲೆ ತೆಗೆದರೆ ನನ್ನ ಗೊಂಬೆಯ ಫೋಟೋ ಚೆನ್ನಾಗಿಯೇ ಬರುತ್ತದೆ. ಅದೇ ಗೊಂಬೆಯನ್ನು ಹೊಳೆಯ ಅಂಚಿನಲ್ಲಿ ಕೂರಿಸಿದ ತಕ್ಷಣ, ಯಾರೋ ಮರೆತುಹೋದ ಆಟಿಕೆಯ ಹಾಗೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ತಪ್ಪು ನಿಮ್ಮದಲ್ಲ. ಗೊಂಬೆಗೆ ತಕ್ಕ ಕುರ್ಚಿ ಸಿಗುತ್ತದೆ, ಚಪ್ಪಲಿ ಸಿಗುತ್ತದೆ. ಗೊಂಬೆಗೆ ತಕ್ಕ ನೀರು ಮಾತ್ರ ಸಿಗುವುದಿಲ್ಲ. ಸುಮಾರು 29 ಸೆಂ.ಮೀ. ಎತ್ತರದ ಫ್ಯಾಷನ್ ಗೊಂಬೆ ನಮ್ಮ ಆರನೇ ಒಂದು ಪಾಲು. ಅದರ ಕೆನ್ನೆ ಮೇಲೆ 4 ಮಿ.ಮೀ. ಹನಿ ಕೂತರೆ, ನಮ್ಮ ಕೆನ್ನೆ ಮೇಲೆ ನೆಲ್ಲಿಕಾಯಿ ಗಾತ್ರದ ಹನಿ ಕೂತ ಹಾಗೆ! ಹನಿಯನ್ನು ಉಂಡೆಯಾಗಿ ಹಿಡಿದಿಡುವ ಮೇಲ್ಮೈ ಎಳೆತ, ಗೊಂಬೆ ಚಿಕ್ಕದು ಅಂತ ಬದಲಾಗುವುದಿಲ್ಲ ಅಲ್ವಾ? ಅಲೆ, ನೊರೆಯ ಗುಳ್ಳೆ ಎಲ್ಲವೂ ಹೀಗೇ. ನೋಡುವವರ ಕಣ್ಣು ಅದನ್ನು ಥಟ್ಟನೆ ಹಿಡಿದುಬಿಡುತ್ತದೆ.

ಹಾಗಾಗಿ ನಿಂತ ನೀರು ಹುಡುಕಿ. ಗಾಳಿಯಿಲ್ಲದ ಬೆಳಗಿನ ಹೊತ್ತು ಒಳ್ಳೆಯದು. ಮಳೆ ಬಿಟ್ಟ ಮೇಲೆ ಉಳಿದ ಒಂದು ಚಿಕ್ಕ ಹೊಂಡ ಸಾಕು, ಫೋಟೋದಲ್ಲಿ ಅದೇ ಕೆರೆ. ನನಗಂತೂ ನಿಜವಾದ ಕೆರೆಗಿಂತ ಹೊಂಡವೇ ಜಾಸ್ತಿ ಇಷ್ಟ.

ಆಮೇಲೆ ಕ್ಯಾಮೆರಾವನ್ನು ಗೊಂಬೆಯ ಸೊಂಟದ ಮಟ್ಟಕ್ಕೆ ಇಳಿಸಿ. ಫೋನ್ ಆದರೆ ತಲೆಕೆಳಗಾಗಿ ಹಿಡಿಯಿರಿ, ಲೆನ್ಸ್ ನೀರಿಗೆ ಹತ್ತಿರವಾಗುತ್ತದೆ. ಮೇಲಿನಿಂದ ತೆಗೆದರೆ ತಳದ ಮರಳಿನ ಕಾಳು ಕಾಣುತ್ತದೆ, ಅಲ್ಲಿಗೆ ಗುಟ್ಟು ರಟ್ಟು. ತಗ್ಗಿನಿಂದ ನೋಡಿದರೆ ನೀರು ಕನ್ನಡಿಯಾಗಿ ತಳವನ್ನು ಮುಚ್ಚುತ್ತದೆ. ನೀರು ಅಂದರೆ ಪೋಲರೈಸರ್ ಹಾಕಲೇಬೇಕು ಅನ್ನುತ್ತಾರೆ. ಅದು ಪ್ರತಿಬಿಂಬವನ್ನು ಅಳಿಸುವ ಸಾಧನ. ಇಲ್ಲಿ ನಮಗೆ ಬೇಕಿರುವುದೇ ಪ್ರತಿಬಿಂಬ, ಪೋಲರೈಸರ್ ಚೀಲದಲ್ಲೇ ಇರಲಿ. ಹತ್ತಿರದಿಂದ ತೆಗೆಯುವಾಗ ಫೋಕಸ್ ತೀರಾ ತೆಳುವಾಗುತ್ತದೆ. ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಕಿರಿದಾಗಿಸಿ ಎಫ್/8 ಅಥವಾ ಎಫ್/11 ಇಟ್ಟುಕೊಳ್ಳಿ.

ಮೈ ಒದ್ದೆಯಾಗಿ ಕಾಣಬೇಕೇ? ಗ್ಲಿಸರಿನ್‌ಗೆ ಸ್ವಲ್ಪ ನೀರು ಬೆರೆಸಿ, ಸೂಜಿಯ ತುದಿಯಿಂದ ಚುಕ್ಕೆಚುಕ್ಕೆಯಾಗಿ ಇಡಿ. ಬೇಗ ಒಣಗುವುದಿಲ್ಲ. ಆದರೆ ಕೈಯಲ್ಲಿ ಬಣ್ಣ ಬರೆದ ಮುಖಕ್ಕೆ ಬೇಡ, ಬಣ್ಣ ಎದ್ದುಬರಬಹುದು.

ಒಂದು ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಟೊಳ್ಳು ಗೊಂಬೆ ತೇಲುತ್ತದೆ, ಕಣ್ಣೆದುರೇ ಕೊಚ್ಚಿಹೋಗುತ್ತದೆ. ಸೊಂಟಕ್ಕೆ ಮೀನು ಹಿಡಿಯುವ ಪಾರದರ್ಶಕ ದಾರ ಕಟ್ಟಿ, ಇನ್ನೊಂದು ತುದಿಯನ್ನು ಕಲ್ಲಿಗೆ ಬಿಗಿಯಿರಿ. ಕೀಲುಗಳಿರುವ ರೆಸಿನ್ ಗೊಂಬೆಯನ್ನು ನೀರಿಗೆ ಇಳಿಸಲೇಬೇಡಿ. ಒಳಗಿನ ಕಬ್ಬಿಣದ ಕೊಕ್ಕೆಗೆ ತುಕ್ಕು ಹಿಡಿದರೆ ಹೊರಗೆ ಗೊತ್ತೇ ಆಗುವುದಿಲ್ಲ. ದಡದ ಕಲ್ಲಿನ ಮೇಲೆ ಕೂರಿಸಿ, ಪ್ರತಿಬಿಂಬ ಮಾತ್ರ ನೀರಿಗಿಳಿಯಲಿ. ವಿನೈಲ್ ಗೊಂಬೆ ನೆನೆದಿದ್ದರೆ ಮನೆಗೆ ಬಂದ ಕೂಡಲೇ ತಲೆ ಬಿಚ್ಚಿ, ಒಳಗಿನ ನೀರು ಬಸಿದು, ಕುತ್ತಿಗೆಯ ರಂಧ್ರ ಕೆಳಮುಖವಾಗಿ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗುವ ತನಕ ತಲೆ ಜೋಡಿಸಬೇಡಿ, ಒಳಗೆ ಬೂಷ್ಟು ಬರುತ್ತದೆ.