ಟೋರ್ಸೋ ಸಿನಿಮಾ ಯಾಕೆ ಇನ್ನೂ ಬಂದಿಲ್ಲ?

ಕ್ರೈಮ್ ಕಾಮಿಕ್ಸ್ ಓದೋರ ಮಧ್ಯೆ ಒಂದು ಪ್ರಶ್ನೆ 25 ವರ್ಷದಿಂದ ಓಡಾಡ್ತಾನೇ ಇದೆ, ಟೋರ್ಸೋ ಅನ್ನೋ ಕಾಮಿಕ್ಸ್ ಸಿನಿಮಾ ಆಗೋದು ಯಾವಾಗ ಅಂತ. ಆಗಾಗ ಯಾವುದೋ ದೊಡ್ಡ ಡೈರೆಕ್ಟರ್ ಹೆಸರು ಕೇಳಿಬರತ್ತೆ, ಎಲ್ರೂ ಕುಣಿದಾಡ್ತಾರೆ, ಯಾರು ಯಾವ ಪಾತ್ರ ಮಾಡ್ಬೇಕು ಅಂತ ಲಿಸ್ಟ್ ಹಾಕ್ತಾರೆ, ಆಮೇಲೆ ಸದ್ದಿಲ್ದೆ ಸುದ್ದಿ ತಣ್ಣಗಾಗತ್ತೆ. ಬ್ರಯಾನ್ ಮೈಕಲ್ ಬೆಂಡಿಸ್ ಮತ್ತೆ ಮಾರ್ಕ್ ಆಂಡ್ರೆಯ್ಕೋ ಸೇರಿ ಬರೆದ ಈ ಕಾಮಿಕ್ಸ್ 1998ರಲ್ಲಿ ಇಮೇಜ್ ಕಾಮಿಕ್ಸ್‌ನಿಂದ ಬರೋಕೆ ಶುರುವಾಗಿ 6 ಸಂಚಿಕೆಗೆ ಮುಗೀತು, ಚಿತ್ರ ಬರೆದಿದ್ದೂ ಬೆಂಡಿಸ್ಸೇ. ಮೈಲ್ಸ್ ಮೊರಾಲೆಸ್ ಅನ್ನೋ ಸ್ಪೈಡರ್‌ಮ್ಯಾನ್, ಜೆಸ್ಸಿಕಾ ಜೋನ್ಸ್ ಇವರನ್ನೆಲ್ಲ ಹುಟ್ಟುಹಾಕಿದೋರಲ್ಲಿ ಒಬ್ಬ ಅಂದ್ರೆ ತುಂಬಾ ಜನಕ್ಕೆ ಗೊತ್ತಾಗತ್ತೆ. ಆದ್ರೆ ಟೋರ್ಸೋದಲ್ಲಿ ಸೂಪರ್‌ಹೀರೋ ಯಾರೂ ಇಲ್ಲ, ಇರೋದು ನಿಜವಾಗ್ಲೂ ನಡೆದ ಕೊಲೆಗಳು ಮತ್ತೆ ನಿಜವಾಗ್ಲೂ ಸೋತ ಒಬ್ಬ ಪ್ರಸಿದ್ಧ ಮನುಷ್ಯ. ಸಿನಿಮಾ ಪದೇ ಪದೇ ನಿಂತುಹೋಗೋಕೆ ಈ ಎರಡನೇದೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ, ಸ್ವಲ್ಪ ಹಿಂದಿಂದ ಹೇಳ್ತೀನಿ.

ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್. ಊರಿನ ಮಧ್ಯೆ ಕಿಂಗ್ಸ್‌ಬರಿ ರನ್ ಅಂತ ಒಂದು ಹಳ್ಳ, ಅದರೊಳಗೆ ರೈಲ್ವೆ ಹಳಿಗಳು. ಅದು 1930ರ ದಶಕದ ಆರ್ಥಿಕ ಕುಸಿತದ ಕಾಲ, ಕೆಲಸ ಕಳ್ಕೊಂಡು ಗೂಡ್ಸ್ ರೈಲು ಹತ್ತಿ ಊರೂರು ಅಲೀತಿದ್ದ ಜನ ಅಲ್ಲಿ ಇಲ್ಲಿ ತಗಡು, ರಟ್ಟು, ಹಲಗೆ ಸೇರಿಸಿ ಗುಡಿಸಲು ಹಾಕ್ಕೊಂಡಿದ್ರು. 1935ರ ಸೆಪ್ಟೆಂಬರ್ 23ಕ್ಕೆ ಆ ಹಳ್ಳದ ಬದಿಯ ದಿಬ್ಬದ ಹತ್ರ ಆಡ್ತಿದ್ದ ಹುಡುಗರ ಕಣ್ಣಿಗೆ ಹೆಣ ಬಿತ್ತು, ಪೊಲೀಸ್ನೋರು ಬಂದು ನೋಡಿದ್ರೆ ಒಂದಲ್ಲ ಎರಡು, ಎರಡಕ್ಕೂ ತಲೆ ಇಲ್ಲ. ಒಬ್ಬ ಎಡ್ವರ್ಡ್ ಆಂಡ್ರಾಸಿ ಅಂತ ಬೆರಳಚ್ಚಿನಿಂದ ಗೊತ್ತಾಯ್ತು, ಇನ್ನೊಬ್ಬ ಯಾರು ಅನ್ನೋದು ಬಗೆಹರೀಲೇ ಇಲ್ಲ. ಅಲ್ಲಿಂದ 1938ರ ಆಗಸ್ಟ್ ತನಕ ಪೊಲೀಸ್ ಲೆಕ್ಕದಲ್ಲಿ 12 ಜನ. 1934ರಲ್ಲಿ ಈರಿ ಸರೋವರದ ದಡದಲ್ಲಿ ಸಿಕ್ಕಿದ್ದ ಒಬ್ಬ ಹೆಂಗಸಿನ ದೇಹದ ಭಾಗಗಳೂ ಇದೇ ಕೈಯ ಕೆಲಸ ಅಂತ ಆಮೇಲೆ ತುಂಬಾ ಜನ ಸೇರಿಸ್ತಾರೆ, ಪೊಲೀಸ್ ಲೆಕ್ಕದಲ್ಲಿ ಮಾತ್ರ ಅದಿಲ್ಲ. ರುಂಡ ಒಂದು ಕಡೆ ಮುಂಡ ಒಂದು ಕಡೆ, ಕೆಲವು ಸಲ ಒಂದೊಂದು ಭಾಗ ಒಂದೊಂದು ದಿನ. ಫ್ಲಾರೆನ್ಸ್ ಪೊಲಿಲ್ಲೋ ಅನ್ನೋ ಹೆಂಗಸಿನ ದೇಹದ ತುಂಡುಗಳು 1936ರ ಜನವರಿಯ ಚಳಿಯಲ್ಲಿ ಬುಟ್ಟಿಯೊಳಗೆ ಸಿಕ್ಕವು.

ಇದ್ರಲ್ಲಿ ಓದಿದೋರ ತಲೆಯಿಂದ ಹೋಗ್ದೇ ಇರೋದು 1936ರ ಜೂನ್‌ನಲ್ಲಿ ಸಿಕ್ಕ ಹಚ್ಚೆಯವನ ಕತೆ. ಇಬ್ರು ಹುಡುಗರಿಗೆ ಮರದ ಕೆಳಗೆ ಸುತ್ತಿಟ್ಟ ಪ್ಯಾಂಟ್ ಕಾಣಿಸ್ತು, ಒಳಗಡೆ ಚಿಕ್ಕ ವಯಸ್ಸಿನ ಒಬ್ಬನ ತಲೆ. ಆಮೇಲೆ ಸಿಕ್ಕ ಮೈ ಮೇಲೆ 6 ಹಚ್ಚೆ, ಒಂದು ಚಿಟ್ಟೆ, ಒಂದ್ರಲ್ಲಿ 'ಹೆಲೆನ್ ಮತ್ತೆ ಪಾಲ್' ಅಂತ ಹೆಸರು, ಇನ್ನೊಂದು ಆಗಿನ ಪೇಪರ್‌ಗಳಲ್ಲಿ ಬರ್ತಿದ್ದ ಕಾಮಿಕ್ ಸ್ಟ್ರಿಪ್‌ನ ಜಿಗ್ಸ್ ಅನ್ನೋ ಪಾತ್ರದ ಚಿತ್ರ. ಇಷ್ಟು ಗುರುತು ಇರೋವಾಗ ಯಾರಾದ್ರೂ ಗುರುತಿಸೇ ಗುರುತಿಸ್ತಾರೆ ಅಂತ ಪೊಲೀಸ್ನೋರು ಮುಖದ ಅಚ್ಚು ತೆಗೆದು, ಅದೇ ವರ್ಷ ಕ್ಲೀವ್‌ಲ್ಯಾಂಡಲ್ಲಿ ನಡೀತಿದ್ದ ಗ್ರೇಟ್ ಲೇಕ್ಸ್ ಎಕ್ಸ್‌ಪೊಸಿಷನ್‌ನಲ್ಲಿ ಇಟ್ರು. ಜಾತ್ರೆಗೆ ಬಂದ ಜನ ಸಾವಿರಗಟ್ಲೆ ನೋಡ್ಕೊಂಡು ಹೋದ್ರು, ಒಬ್ರೂ ಇವನು ನಮ್ಮೋನು ಅನ್ಲಿಲ್ಲ. ಆ ಅಚ್ಚು ಕ್ಲೀವ್‌ಲ್ಯಾಂಡ್ ಪೊಲೀಸ್ ಮ್ಯೂಸಿಯಂನಲ್ಲಿ ಇದೆ.

ಈಗ ಆ ಸೋತ ಪ್ರಸಿದ್ಧ ಮನುಷ್ಯ, ಎಲಿಯಟ್ ನೆಸ್. ಶಿಕಾಗೋದ ಅಲ್ ಕಪೋನ್ ಅನ್ನೋ ಗ್ಯಾಂಗ್‌ಸ್ಟರ್ ಹಿಂದೆ ಬಿದ್ದಿದ್ದ ಕಳ್ಳಭಟ್ಟಿ ದಳದ ಆಫೀಸರ್, 1987ರ ಅನ್‌ಟಚಬಲ್ಸ್ ಸಿನಿಮಾ ನೋಡಿದೋರಿಗೆ ಕೆವಿನ್ ಕಾಸ್ಟ್ನರ್ ಮುಖ ನೆನಪಾಗತ್ತೆ. ಕಪೋನ್ 1931ರಲ್ಲಿ ಒಳಗೆ ಹೋಗಿದ್ದು ಇನ್‌ಕಮ್ ಟ್ಯಾಕ್ಸ್ ಕೇಸಲ್ಲಿ, ಅದರ ಕ್ರೆಡಿಟ್ಟು ಬಹುಪಾಲು ಟ್ಯಾಕ್ಸ್ ಡಿಪಾರ್ಟ್‌ಮೆಂಟಿನ ಲೆಕ್ಕ ಪತ್ರ ನೋಡೋ ಮಂದಿಗೆ ಸೇರ್ಬೇಕು, ಆದ್ರೆ ಲೆಡ್ಜರ್ ತಿರುವಿ ಹಾಕೋರ ಮೇಲೆ ಯಾರು ಸಿನಿಮಾ ತೆಗೀತಾರೆ ಹೇಳಿ. ಇದೇ ನೆಸ್ 1935ರ ಡಿಸೆಂಬರ್‌ನಲ್ಲಿ, ಇನ್ನೂ 32 ವಯಸ್ಸಿಗೆ, ಕ್ಲೀವ್‌ಲ್ಯಾಂಡಿನ ಸೇಫ್ಟಿ ಡೈರೆಕ್ಟರ್ ಆಗಿ ಬಂದ, ಪೊಲೀಸು, ಫೈರ್ ಸರ್ವಿಸ್ ಎಲ್ಲಾ ಅವನ ಕೈ ಕೆಳಗೆ. ಲಂಚಕೋರ ಪೊಲೀಸರನ್ನ ಹಿಡಿದು ಹಾಕಿದ, ಟ್ರಾಫಿಕ್ ಸರಿ ಮಾಡ್ದ, ಪೇಪರ್ನೋರು ಹೊಗಳಿದ್ದೇ ಹೊಗಳಿದ್ದು. ಕೊಲೆಗಾರ ಮಾತ್ರ ಸಿಗ್ಲಿಲ್ಲ.

1938ರಲ್ಲಿ ಫ್ರಾನ್ಸಿಸ್ ಸ್ವೀನಿ ಅನ್ನೋ ಡಾಕ್ಟರನ್ನ ಹೋಟೆಲ್ ರೂಮಲ್ಲಿಟ್ಟು ಗುಟ್ಟಾಗಿ ವಿಚಾರಿಸಿದ್ರು, ಲೈ ಡಿಟೆಕ್ಟರ್ ಟೆಸ್ಟಿಗೆ ಆ ಯಂತ್ರದಲ್ಲಿ ದೊಡ್ಡ ಹೆಸರಾಗಿದ್ದ ಲಿಯೊನಾರ್ಡ್ ಕೀಲರ್‌ನ ಕರೆಸಿದ್ರು. ಇವನೇ ಅಂತ ನೆಸ್‌ಗೆ ಖಾತ್ರಿಯಾಗಿತ್ತು, ಕೋರ್ಟಲ್ಲಿ ನಿಲ್ಲೋ ಸಾಕ್ಷಿ ಇರ್ಲಿಲ್ಲ. ಅದರ ಮೇಲೆ ಸ್ವೀನಿಯ ಹತ್ತಿರದ ಸಂಬಂಧಿ ಮಾರ್ಟಿನ್ ಸ್ವೀನಿ ಅಂತ ಅಮೆರಿಕದ ಸಂಸತ್ತಿನ ಸದಸ್ಯ, ನೆಸ್‌ನ ಬಾಸ್ ಮೇಯರ್‌ಗೂ ಅವನಿಗೂ ಆಗ್ತಾನೇ ಇರ್ಲಿಲ್ಲ, ಕೈ ಹಾಕಿದ್ರೆ ರಾಜಕೀಯ ಅಂತಾರೆ, ಹಾಕ್ದಿದ್ರೆ ಕೈಲಾಗ್ದೋನು ಅಂತಾರೆ. ಅಷ್ಟರಲ್ಲಿ ಆಗಸ್ಟ್‌ನಲ್ಲಿ ಇನ್ನೆರಡು ದೇಹ ಸಿಕ್ಕವು. ಎರಡು ದಿನ ಆದ್ಮೇಲೆ ನೆಸ್ ರಾತ್ರೋರಾತ್ರಿ ಪೊಲೀಸರನ್ನ ಕರ್ಕೊಂಡು ಹೋಗಿ, ಗುಡಿಸಲಲ್ಲಿ ಮಲಗಿದ್ದೋರನ್ನ ಎಬ್ಬಿಸಿ ವ್ಯಾನಿಗೆ ತುಂಬಿ, ಗುಡಿಸಲಿಗೆಲ್ಲಾ ಬೆಂಕಿ ಇಡ್ಸಿದ. ಕೊಲೆಗಾರನಿಗೆ ಬೇಟೆ ಸಿಗಬಾರದು ಅಂತ ಲಾಜಿಕ್ಕು. ಏನೂ ಇಲ್ದೋರ ಇದ್ದಿದ್ದೊಂದು ಸೂರನ್ನೂ ಸುಟ್ಟ ಅಂತ ಹೊಗಳ್ತಿದ್ದ ಪೇಪರ್ನೋರೇ ತಿರುಗಿಬಿದ್ರು. ಕೊಲೆಗಳು ಅಲ್ಲಿಗೆ ನಿಂತವು, ಅಥವಾ ಪೊಲೀಸ್ ಲೆಕ್ಕ ಅಲ್ಲಿಗೆ ನಿಲ್ತು.

ಮುಂದಿನ ವರ್ಷ ಕೌಂಟಿ ಶೆರಿಫ್, ಅಂದ್ರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಫ್ರ್ಯಾಂಕ್ ಡೊಲೆಜಾಲ್ ಅನ್ನೋ ಗಾರೆ ಕೆಲಸದವನನ್ನ ಹಿಡಿದು ತಂದು ಕೇಸ್ ಸಾಲ್ವ್ ಅಂದ, ಆತ ಲಾಕಪ್ಪಲ್ಲೇ ನೇಣು ಹಾಕ್ಕೊಂಡ ಸ್ಥಿತೀಲಿ ಸಿಕ್ಕ, ನೋಡಿದ್ರೆ ಪಕ್ಕೆಲುಬು ಮುರಿದಿದ್ವು. ಆತ ಕೊಲೆಗಾರ ಅಂತ ಇವತ್ತು ನಂಬೋರು ಕಮ್ಮಿ.

ಇಂಥ ಕತೆ ಕಾಮಿಕ್ಸ್ ಆಗೋಕೆ 60 ವರ್ಷ ಯಾಕೆ ಬೇಕಾಯ್ತು? ಕ್ರೈಮ್ ಕಾಮಿಕ್ಸ್ ಅಮೆರಿಕದಲ್ಲಿ ಮೊದಲೇ ಇತ್ತು. 1942ರಲ್ಲಿ ಕ್ರೈಮ್ ಡಸ್ ನಾಟ್ ಪೇ ಅನ್ನೋ ಪತ್ರಿಕೆ ಶುರುವಾಗಿ ಬಿಸಿ ದೋಸೆ ಥರ ಖರ್ಚಾಗ್ತಿತ್ತು. ಅದರ ಎಡಿಟರ್‌ಗಳಲ್ಲಿ ಒಬ್ಬನಾದ ಬಾಬ್ ವುಡ್ 1958ರಲ್ಲಿ ಕುಡಿದ ಅಮಲಲ್ಲಿ ಹೋಟೆಲ್ ರೂಮಲ್ಲಿ ಒಬ್ಬ ಹೆಂಗಸನ್ನ ಕೊಂದು ಜೈಲಿಗೆ ಹೋದ, ಅದನ್ನ ಕಟ್ಟುಕತೆ ಅಂದ್ಕೋಬೇಡಿ. ಅದಕ್ಕೂ ಮುಂಚೆ, 1954ರಲ್ಲಿ, ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯ ಮಕ್ಕಳು ಕೆಡ್ತಿರೋದೇ ಕಾಮಿಕ್ಸ್‌ನಿಂದ ಅಂತ ಪುಸ್ತಕ ಬರೆದ, ಸೆನೆಟ್ ಕಮಿಟಿ ನ್ಯೂಯಾರ್ಕಲ್ಲಿ ವಿಚಾರಣೆ ಕೂರಿಸ್ತು. ಇಸಿ ಕಾಮಿಕ್ಸ್ ಮಾಲೀಕ ಬಿಲ್ ಗೇನ್ಸ್ ಎದುರಿಗೆ ಅವನದೇ ಪತ್ರಿಕೆಯ ಮುಖಪುಟ ಹಿಡಿದ್ರು, ಒಂದು ಕೈಯಲ್ಲಿ ಕೊಡಲಿ, ಇನ್ನೊಂದ್ರಲ್ಲಿ ಕೂದಲು ಹಿಡಿದೆತ್ತಿದ ಹೆಂಗಸಿನ ರುಂಡ, ಇದು ಒಳ್ಳೆ ಅಭಿರುಚಿನಾ ಅಂತ ಕೇಳಿದ್ರು. ಹಾರರ್ ಕಾಮಿಕ್ಸಿಗೆ ಹೌದು ಅಂದ ಗೇನ್ಸ್, ತಲೆ ಇನ್ನೂ ಮೇಲೆತ್ತಿ ರಕ್ತ ತೊಟ್ಟಿಕ್ಕೋದು ಕಂಡಿದ್ರೆ ಆಗ ಕೆಟ್ಟ ಅಭಿರುಚಿ ಅಂತ ವಿವರ್ಸೋಕೆ ಬೇರೆ ಹೋದ. ವಕೀಲರನ್ನ ಕೇಳಿ ಬಾಯಿ ಬಿಟ್ಟಿದ್ರೆ ಚೆನ್ನಾಗಿತ್ತು ಪಾಪ. ಅದೇ ವರ್ಷ ಪಬ್ಲಿಷರ್‌ಗಳೇ ಸೇರಿ ಕಾಮಿಕ್ಸ್ ಕೋಡ್ ಮಾಡ್ಕೊಂಡ್ರು, ಕ್ರೈಮ್ ಅನ್ನೋ ಪದ ಟೈಟಲ್‌ನಲ್ಲಿ ಬೇರೆ ಪದಕ್ಕಿಂತ ದೊಡ್ಡದಾಗಿ ಇರೋ ಹಾಗಿಲ್ಲ ಅನ್ನೋ ತನಕ ರೂಲ್ಸು. ಕೊಲೆಗಾರರು ಹೋದ್ರು, ಕೇಪ್ ಹಾಕ್ಕೊಂಡೋರು ಉಳಿದ್ರು. ಕೋಡ್ ಪೂರ್ತಿ ಸತ್ತಿದ್ದು 2011ಕ್ಕೆ, ಆದ್ರೆ ಅದರ ಹಲ್ಲು 1980ರ ದಶಕದಲ್ಲೇ ಉದುರೋಕೆ ಶುರುವಾಗಿತ್ತು, ಕಾಮಿಕ್ಸಿಗೇ ಬೇರೆ ಅಂಗಡಿಗಳು ಆದ್ವು, ಕೋಡ್ ಮುದ್ರೆ ಕೇಳೋರೇ ಇರ್ಲಿಲ್ಲ. 1991ರಲ್ಲಿ ಫ್ರ್ಯಾಂಕ್ ಮಿಲ್ಲರ್‌ನ ಸಿನ್ ಸಿಟಿ ಬಂದ್ಮೇಲಂತೂ ಕಪ್ಪು ಬಿಳುಪಿನ ಕ್ರೈಮ್ ಕಾಮಿಕ್ಸ್ ಮಾಡೋರ ದಂಡೇ ಎದ್ದುನಿಲ್ತು.

ಬೆಂಡಿಸ್ ಆ ದಂಡಿನವನೇ, ಕ್ಲೀವ್‌ಲ್ಯಾಂಡ್ ಹುಡುಗ ಬೇರೆ. ಟೋರ್ಸೋದಲ್ಲಿ ಅವನು ಮಾಡಿದ ಕೆಲಸ ಏನಂದ್ರೆ ಆ ಕಾಲದ ಫೋಟೋಗಳನ್ನ ಹೈ ಕಾಂಟ್ರಾಸ್ಟ್ ಜೆರಾಕ್ಸ್ ಥರ ಮಾಡಿ ಚಿತ್ರದ ಹಿಂದೆ ಅಂಟಿಸಿಬಿಟ್ಟ. ಮುಂದೆ ನಿಂತ ಡಿಟೆಕ್ಟಿವ್ ಗೆರೆಯಲ್ಲಿ ಬರೆದೋನು, ಹಿಂದಿನ ಕಟ್ಟಡ, ಹೆಣ ಸಿಕ್ಕ ಜಾಗ ಎಲ್ಲಾ ನಿಜ. ಪುಟದ ತುಂಬಾ ಮಸಿ ಕಪ್ಪು, ಮಾತಿನ ಗುಳ್ಳೆಗಳು ಒಂದರ ಹಿಂದೆ ಒಂದು ರೈಲು ಬೋಗಿ ಹಂಗೆ, ಕೆಲವು ಪುಟ ಓದ್ಬೇಕು ಅಂದ್ರೆ ಪುಸ್ತಕಾನೇ ತಿರುಗಿಸ್ಬೇಕು. ನೆಸ್ ಇದ್ರಲ್ಲಿ ಮಷಿನ್ ಗನ್ ಹಿಡಿದ ಹೀರೋ ಅಲ್ಲ, ಪ್ರೆಸ್ ಮುಂದೆ ಏನು ಹೇಳೋದು ಅಂತ ತಡಕಾಡೋ ಆಫೀಸರ್. 1999ರಲ್ಲಿ ಬೆಂಡಿಸ್‌ಗೆ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿ ಬಂತು, ಹಾಲಿವುಡ್ ಫೋನೂ ಬಂತು.

ಹಾಲಿವುಡ್‌ನಲ್ಲಿ ಆಪ್ಷನ್ ಅಂತ ಒಂದು ಪದ್ಧತಿ ಇದೆ, ಸೈಟಿಗೆ ಟೋಕನ್ ಅಡ್ವಾನ್ಸ್ ಕೊಟ್ಟ ಹಾಗೆ. ಸ್ವಲ್ಪ ದುಡ್ಡು ಕೊಟ್ಟು ಒಂದಿಷ್ಟು ತಿಂಗಳು ಕತೆ ಹಿಡಿದಿಟ್ಕೊಳ್ಳೋದು, ಅಷ್ಟರಲ್ಲಿ ಸ್ಕ್ರಿಪ್ಟು, ಡೈರೆಕ್ಟರು, ಬಜೆಟ್ಟು ಕೂಡಿ ಬಂದ್ರೆ ಪೂರ್ತಿ ರೇಟ್ ಕೊಟ್ಟು ಕೊಳ್ಳೋದು, ಇಲ್ದಿದ್ರೆ ಕತೆ ವಾಪಸ್, ಅಡ್ವಾನ್ಸ್ ಬರೆದೋನಿಗೇ. ಸುದ್ದಿ ಬರೋದು ಟೋಕನ್ ಕೊಟ್ಟಾಗ, ನಾವು ಗೃಹಪ್ರವೇಶಕ್ಕೆ ರೆಡಿಯಾಗ್ತೀವಿ. ಬೆಂಡಿಸ್ ಈ ಓಡಾಟದ ಮೇಲೇ ಫಾರ್ಚೂನ್ ಅಂಡ್ ಗ್ಲೋರಿ ಅಂತ 3 ಸಂಚಿಕೆಯ ನಗೆ ಕಾಮಿಕ್ಸ್ ಮಾಡಿದ, ಒಂದು ಮೀಟಿಂಗಿಂದ ಇನ್ನೊಂದು ಮೀಟಿಂಗಿಗೆ ಅಲೆಯೋ ತನ್ನದೇ ಬೋಳುತಲೆ ಬರ್ಕೊಂಡು. ಸಿನಿಮಾ ಆಗ್ಲಿಲ್ಲ, ಸಿನಿಮಾ ಆಗ್ಲಿಲ್ಲ ಅನ್ನೋದೇ ಪುಸ್ತಕ ಆಯ್ತು.

ಅತಿ ಹತ್ತಿರ ಬಂದಿದ್ದು ಡೇವಿಡ್ ಫಿಂಚರ್ ಕಾಲದಲ್ಲಿ. ಸೆವೆನ್ ತೆಗೆದೋನು, 2007ರಲ್ಲಿ ಝೋಡಿಯಾಕ್ ತೆಗೆದೋನು, ಇದಕ್ಕಿಂತ ಸರಿಯಾದ ಜೋಡಿ ಎಲ್ಲಿ ಸಿಗತ್ತೆ. ಪ್ಯಾರಾಮೌಂಟ್ ಕಂಪನಿ, ಎಹ್ರೆನ್ ಕ್ರೂಗರ್ ಸ್ಕ್ರಿಪ್ಟು, ನೆಸ್ ಪಾತ್ರಕ್ಕೆ ಮ್ಯಾಟ್ ಡೇಮನ್ ಹೆಸರು, ಫ್ಯಾನ್ಸ್ ಹಾರಾಡಿಬಿಟ್ರು. ಫಿಂಚರ್‌ಗೆ ಬೇಕಿದ್ದಿದ್ದು ಕೊಲೆಗಾರನಿಗಿಂತ ನೆಸ್ ಅನ್ನೋ ದಂತಕತೆಯನ್ನ ಬಿಚ್ಚಿ ನೋಡೋದು. ಆದ್ರೆ ಝೋಡಿಯಾಕ್‌ಗೆ ವಿಮರ್ಶಕರು ಕೈ ಮುಗಿದ್ರೂ ಗಲ್ಲಾಪೆಟ್ಟಿಗೆ ಅಷ್ಟಾಗಿ ತುಂಬಿರ್ಲಿಲ್ಲ, ಕೊಲೆಗಾರ ಸಿಗದ ಇನ್ನೊಂದು ದುಬಾರಿ ಪೀರಿಯಡ್ ಸಿನಿಮಾಕ್ಕೆ ದುಡ್ಡು ಹಾಕು ಅಂದ್ರೆ ಯಾವ ಸ್ಟುಡಿಯೋ ಕುಣಿಯತ್ತೆ. 2009 ಶುರುವಾಗೋ ಹೊತ್ತಿಗೆ ಪ್ಯಾರಾಮೌಂಟ್ ಹಕ್ಕು ಬಿಟ್ಟುಕೊಡ್ತು. 2013ರಲ್ಲಿ ಡೇವಿಡ್ ಲೋರಿ ಹೆಸರು ಬಂತು, ಆಮೇಲೆ ಬೋರ್ನ್ ಸಿನಿಮಾಗಳ ಪಾಲ್ ಗ್ರೀನ್‌ಗ್ರಾಸ್ ಹೆಸರು ಬಂತು, ಆಗ ಓಡಾಡಿದ ಟೈಟಲ್ ನೋಡಿ, ಬರೀ 'ನೆಸ್'.

ಅಲ್ಲೇ ಇರೋದು ಗಂಟು. ಟೋರ್ಸೋ ಹೆಸರಲ್ಲಿ ಸ್ಟುಡಿಯೋಗೆ ಮಾರೋಕೆ ಆಗೋ ಮಾಲು ನೆಸ್ ಒಬ್ಬನೇ, ಕಾಮಿಕ್ಸ್ ಮಾಡಿರೋದು ನೋಡಿದ್ರೆ ಅವನ ಬೆಲೆ ಇಳಿಸೋ ಕೆಲಸ. ಇದರ ಜೊತೆಗೆ ಬಂದ ಕಾಮಿಕ್ಸ್‌ಗಳನ್ನೇ ನೋಡಿ. ರೋಡ್ ಟು ಪರ್ಡಿಷನ್ ಕೂಡ 1998ರದ್ದೇ, 2002ಕ್ಕೆ ಟಾಮ್ ಹ್ಯಾಂಕ್ಸ್ ಇಟ್ಕೊಂಡು ಸಿನಿಮಾ ಆಯ್ತು. ಎ ಹಿಸ್ಟರಿ ಆಫ್ ವಯಲೆನ್ಸ್, ಸಿನ್ ಸಿಟಿ ಎರಡೂ 2005ಕ್ಕೆ ಬಂದ್ವು. ಅವೆಲ್ಲಾ ಎಷ್ಟೇ ಕತ್ತಲೆ ಇದ್ರೂ ಲೆಕ್ಕ ಚುಕ್ತಾ ಆಗೋ ಕತೆಗಳು, ಕೊನೆಗೆ ಯಾರೋ ಯಾರಿಗೋ ಗುಂಡು ಹೊಡೀತಾರೆ, ಪ್ರೇಕ್ಷಕ ಎದ್ದು ಮನೆಗೆ ಹೋಗ್ತಾನೆ. ಟೋರ್ಸೋದಲ್ಲಿ ಕೊನೆಗೆ ಗುಡಿಸಲು ಉರಿಯತ್ತೆ. ನಿಜ ಜೀವನದ ನೆಸ್ ಕೂಡ ಹಾಗೇ ಮುಗಿದ, 1942ರಲ್ಲಿ ಕುಡಿದು ಕಾರ್ ಗುದ್ದಿಸಿದ ಹಗರಣ ಆಗಿ ಕೆಲಸ ಬಿಟ್ಟ, 1947ರಲ್ಲಿ ಮೇಯರ್ ಎಲೆಕ್ಷನ್ನಲ್ಲಿ ಹೀನಾಯವಾಗಿ ಸೋತ, 1957ರಲ್ಲಿ ಸಾಲದಲ್ಲಿ ಸತ್ತ, ಅವನನ್ನ ಹೀರೋ ಮಾಡಿದ ಅನ್‌ಟಚಬಲ್ಸ್ ಪುಸ್ತಕ ಸತ್ತ ಮೇಲೆ ಅಂಗಡಿಗೆ ಬಂತು. ಆ ಕೊನೇ ವರ್ಷಗಳಲ್ಲಿ ಆಸ್ಪತ್ರೆ ಸೇರಿದ್ದ ಡಾಕ್ಟರ್ ಸ್ವೀನಿ ಅಲ್ಲಿಂದ ನೆಸ್‌ಗೆ ಕಿಚಾಯಿಸೋ ಪೋಸ್ಟ್‌ಕಾರ್ಡ್ ಹಾಕ್ತಿದ್ದ. ಇದಕ್ಕಿಂತ ಒಳ್ಳೆ ಮೂರನೇ ಅಂಕ ಯಾವ ಸ್ಕ್ರಿಪ್ಟ್ ರೈಟರ್ ಬರೀತಾನೆ? ಆದ್ರೆ ಟ್ರೈಲರ್‌ಗೆ ಹಾಕೋಕೆ ಇದ್ರಲ್ಲಿ ಏನೂ ಇಲ್ಲ.

ಫಿಂಚರ್ ಅಂತೂ ಮತ್ತೊಂದು ಕ್ರೈಮ್ ಕಾಮಿಕ್ಸ್ ಸಿನಿಮಾ ಮಾಡೇಬಿಟ್ಟ. ಮಾಟ್ಜ್ ಮತ್ತೆ ಲೂಕ್ ಜಾಕಮೋನ್ ಅವರ ಫ್ರೆಂಚ್ ಕಾಮಿಕ್ಸು, ಅದೂ ಶುರುವಾಗಿದ್ದು 1998ರಲ್ಲೇ, ದಿ ಕಿಲ್ಲರ್ ಅಂತ 2023ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ಅಂದ್ರೆ ಕಾದಿದ್ದಕ್ಕೆ ಫಲ ಸಿಗೋದು ಉಂಟು, ಓಟಿಟಿ ಕಾಲದಲ್ಲಿ 6 ಸಂಚಿಕೆಯ ಕಾಮಿಕ್ಸ್‌ನ 6 ಎಪಿಸೋಡ್ ಮಾಡೋದು ಎರಡು ಗಂಟೆಗೆ ಹಿಂಡೋದಕ್ಕಿಂತ ಸರಿ ಅಂತ ನನಗನ್ಸತ್ತೆ, ಡಿಟೆಕ್ಟಿವ್ ಪೀಟರ್ ಮೆರಿಲೋ ಥರದೋರಿಗೂ ಜಾಗ ಸಿಗತ್ತೆ, ಆಸಾಮಿ ಕೊಲೆಗಾರನ್ನ ಹುಡುಕೋಕೆ ಅಲೆಮಾರಿ ವೇಷ ಹಾಕ್ಕೊಂಡು ಆ ಜನರ ಮಧ್ಯೆನೇ ತಿರುಗ್ತಿದ್ದ.

ಯಾರಾದ್ರೂ ಈಗ ಹೊಸದಾಗಿ ಸ್ಕ್ರಿಪ್ಟ್ ಬರೆಯೋಕೆ ಕೂತ್ರೆ ಅವರು ಗಮನಿಸ್ಬೇಕಾದ ಇನ್ನೊಂದು ಬೆಳವಣಿಗೆ ಇದೆ. ಆ 12 ಜನರಲ್ಲಿ ಖಚಿತವಾಗಿ ಹೆಸರು ಗೊತ್ತಾಗಿದ್ದು ಆಂಡ್ರಾಸಿ, ಪೊಲಿಲ್ಲೋ ಇಬ್ಬರದ್ದೇ, ರೋಸ್ ವಾಲೇಸ್ ಅಂತ ಮೂರನೇ ಹೆಸರು ಅಂದಾಜಿನದ್ದು. 2024ರಲ್ಲಿ ಕ್ಲೀವ್‌ಲ್ಯಾಂಡ್ ಇರೋ ಕಯಾಹೋಗಾ ಕೌಂಟಿಯ ಮೆಡಿಕಲ್ ಎಕ್ಸಾಮಿನರ್ ಆಫೀಸು ಡಿಎನ್‌ಎ ಡೋ ಪ್ರಾಜೆಕ್ಟ್ ಅನ್ನೋ ಸಂಸ್ಥೆ ಜೊತೆ ಸೇರಿ ಹೆಸರಿಲ್ಲದೋರ ಸಮಾಧಿ ಅಗೆಸೋಕೆ ಶುರು ಮಾಡ್ತು, ಮೂಳೆಯಿಂದ ಡಿಎನ್‌ಎ ತೆಗೆದು ದೂರದ ಸಂಬಂಧಿಕರ ವಂಶವೃಕ್ಷದ ಮೂಲಕ ಹೆಸರು ಹುಡುಕೋ ಕೆಲಸ. ಕಾಮಿಕ್ಸ್ ಬರೆಯೋವಾಗ ಬೆಂಡಿಸ್ ಕೈಲಿ ಇದ್ದಿದ್ದು ಫೋಟೋ ಮಾತ್ರ. ಸಿನಿಮಾ ಬರೋ ಹೊತ್ತಿಗೆ ಒಬ್ಬಿಬ್ರ ಹೆಸರು, ಊರು, ಮನೆಯೋರು ಸಿಕ್ಕಿಬಿಟ್ರೆ ಟೈಟಲ್ಲು ನೆಸ್ ಅಂತ ಇಡೋಕೆ ಸ್ವಲ್ಪ ನಾಚಿಕೆ ಆಗ್ಬೇಕು ಅವರಿಗೆ.