ಪದ ಪರಿಚಯ: ಕೌಂಟಿ

ನಮ್ಮಲ್ಲಿ ಎಷ್ಟೋ ಜನ ‘ಕೌಂಟಿ’ ಅನ್ನೋ ಪದವನ್ನು ಮೊದಲು ಕೇಳಿದ್ದು ಕ್ರಿಕೆಟ್‌ನಿಂದ. 1995ರಲ್ಲಿ ಅನಿಲ್ ಕುಂಬ್ಳೆ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಪರ ಆಡಿ, ಒಂದೇ ಸೀಸನ್‌ನಲ್ಲಿ ನೂರಕ್ಕೂ ಜಾಸ್ತಿ ವಿಕೆಟ್ ತೆಗೆದರು. ಅದೇ ವರ್ಷ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್‌ಗೆ ಆಡಿದರು, 2000ದಲ್ಲಿ ರಾಹುಲ್ ದ್ರಾವಿಡ್ ಕೆಂಟ್‌ಗೆ. ಕೌಂಟಿ ಅಂದರೆ ಏನೋ ಒಂದು ಥರದ ಕ್ಲಬ್ಬು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಹೆಸರಲ್ಲೂ ಈ ಪದ ಸೇರಿಕೊಂಡಿದೆ. ಇನ್ನು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರ ಕಿವಿಗೆ ದಿನಾ ಬಿದ್ದಿರುತ್ತದೆ: ಕೌಂಟಿ ಲೈಬ್ರರಿ, ಕೌಂಟಿ ಸ್ಕೂಲು, ಕೌಂಟಿ ಟ್ಯಾಕ್ಸು. ಕನ್ನಡದಲ್ಲಿ ಏನು ಅಂತ ಯಾರಾದರೂ ಕೇಳಿದರೆ ‘ಜಿಲ್ಲೆ’ ಅಂದುಬಿಡುತ್ತೇವೆ. ಹತ್ತಿರದ ಪದ ಅದೇ. ಆದರೂ ಅದರಲ್ಲಿ ಪೂರ್ತಿ ಅರ್ಥ ಹಿಡಿಸುವುದಿಲ್ಲ. ನನಗೆ ಅದು ಗೊತ್ತಾಗಿದ್ದು ಅಮೆರಿಕದ ವರ್ಜೀನಿಯಾ ರಾಜ್ಯದ ಜೇಮ್ಸ್ ನದಿಯ ಪಕ್ಕ ಒಂದು ದಿನ ಸುಮ್ನೆ ಸುತ್ತಾಡಿದಾಗ.

ಮೊದಲು ಪದದ ಹುಟ್ಟು ನೋಡೋಣ. ಇಂಗ್ಲೆಂಡಿನಲ್ಲಿ ಇಂಥ ಸೀಮೆಗೆ ಹಳೆಯ ಹೆಸರು ‘ಶೈರ್’. 1066ರಲ್ಲಿ ನಾರ್ಮನ್ನರು ಬಂದು ದೇಶ ಗೆದ್ದ ಮೇಲೆ ಫ್ರೆಂಚ್ ಕಡೆಯಿಂದ ‘ಕೌಂಟಿ’ ಬಂತು. ‘ಕೌಂಟ್’ ಅಂದರೆ ಒಬ್ಬ ದೊಡ್ಡ ಒಡೆಯ, ಅವನ ಕೈಕೆಳಗಿನ ಸೀಮೆಯೇ ಕೌಂಟಿ. ಹಳೆಯ ಪದ ಸೀಮೆಗಳ ಹೆಸರಿನ ಬಾಲದಲ್ಲಿ ಉಳಿದುಕೊಂಡಿತು. ಕುಂಬ್ಳೆ ಆಡಿದ ತಂಡದ ಹೆಸರಲ್ಲಿ ಇರುವುದು ಅದೇ. ಇನ್ನೊಂದು ಕಡೆಯೂ ಉಳಿದಿದೆ. ಶೈರಿನಲ್ಲಿ ರಾಜನ ಪರವಾಗಿ ಕೆಲಸ ನೋಡುತ್ತಿದ್ದ ಅಧಿಕಾರಿಗೆ ‘ಶೈರ್ ರೀವ್’ ಅನ್ನುತ್ತಿದ್ದರು, ನಮ್ಮ ಹಳೇ ಅಮಲ್ದಾರರ ಥರ. ಬಾಯಲ್ಲಿ ಉರುಳಿ ಉರುಳಿ ಅದು ‘ಶೆರಿಫ್’ ಆಯಿತು.

ವರ್ಜೀನಿಯಾ ಇಂಗ್ಲಿಷರ ವಸಾಹತಾಗಿದ್ದಾಗ, 1634ರಲ್ಲಿ, ಅದನ್ನು ಎಂಟು ಶೈರ್‌ಗಳಾಗಿ ಹಂಚಿದರು. ಅವುಗಳಲ್ಲಿ ಒಂದು ಚಾರ್ಲ್ಸ್ ಸಿಟಿ. ಕೆಲವೇ ವರ್ಷಗಳಲ್ಲಿ ಶೈರ್ ಹೋಗಿ ಕೌಂಟಿ ಅಂತಾಯಿತು. ನಾವು ಹೋಗಿದ್ದು ಅಲ್ಲಿಗೇ.

ವರ್ಜೀನಿಯಾದ ರಾಜಧಾನಿ ರಿಚ್ಮಂಡ್‌ನಿಂದ 5ನೇ ನಂಬರ್ ರಸ್ತೆ ಹಿಡಿದು ಪೂರ್ವಕ್ಕೆ ಹೊರಟೆವು. ಎರಡು ಲೇನಿನ ಸಣ್ಣ ರಸ್ತೆ. ಎರಡೂ ಕಡೆ ಮರ, ಮರ ಮುಗಿದರೆ ಜೋಳ ಮತ್ತು ಸೋಯಾ ಹೊಲ. ಪಕ್ಕದಲ್ಲೇ ಸೈಕಲ್ ದಾರಿ ಇದೆ. ರಿಚ್ಮಂಡ್‌ನಿಂದ ಜೇಮ್ಸ್‌ಟೌನ್‌ವರೆಗೆ ಸುಮಾರು 84 ಕಿಲೋಮೀಟರ್ ಇರುವ ಈ ದಾರಿ 2015ರಲ್ಲಿ ಪೂರ್ತಿಯಾಯಿತು. ಕಾಲಲ್ಲಿ ಶಕ್ತಿ ಇದ್ದರೆ ಸೈಕಲ್ಲೇ ವಾಸಿ.

ಅರ್ಧ ಗಂಟೆ ಕಳೆದರೂ ಬರೀ ಹೊಲ. ಕಾರು ಓಡಿಸುತ್ತಿದ್ದ ಮಗಳನ್ನು ಕೇಳಿದೆ: “ಸಿಟಿ ಎಷ್ಟು ಹೊತ್ತಿಗೆ ಬರುತ್ತಮ್ಮಾ?”

“ಇಲ್ಲಿ ಸಿಟಿನೇ ಇಲ್ಲಪ್ಪಾ!”

ನಿಜ. ಚಾರ್ಲ್ಸ್ ಸಿಟಿ ಕೌಂಟಿಯಲ್ಲಿ ಸಿಟಿ ಹಾಗಿರಲಿ, ಒಂದು ಪುರಸಭೆಯ ಊರೂ ಇಲ್ಲ. 2020ರ ಜನಗಣತಿಯಲ್ಲಿ ಇಡೀ ಕೌಂಟಿಯ ಜನ ಏಳು ಸಾವಿರವೂ ಇಲ್ಲ. ಮತ್ತೆ ಆ ಹೆಸರು ಯಾಕೆ? 1619ರಲ್ಲಿ, ಆ ವಸಾಹತನ್ನು ನಡೆಸುತ್ತಿದ್ದ ಲಂಡನ್ನಿನ ವರ್ಜೀನಿಯಾ ಕಂಪನಿ ತನ್ನ ನೆಲವನ್ನು ನಾಲ್ಕು ಪಾಲು ಮಾಡಿ, ಒಂದಕ್ಕೆ ರಾಜಕುಮಾರ ಚಾರ್ಲ್ಸ್‌ನ ಹೆಸರಿಟ್ಟು ‘ಸಿಟಿ’ ಅಂತ ಕರೆಯಿತು. ಸಿಟಿ ಬೆಳೆಯಲೇ ಇಲ್ಲ. ಕಾರಣ ನದಿ. ಇಲ್ಲಿ ಜೇಮ್ಸ್ ಎಷ್ಟು ಅಗಲ ಮತ್ತು ಆಳ ಅಂದರೆ ಸಮುದ್ರದ ಹಡಗು ನೇರ ಒಳಗೆ ಬರುತ್ತಿತ್ತು. ಹೊಗೆಸೊಪ್ಪು ಬೆಳೆಯುವ ಒಬ್ಬೊಬ್ಬ ದೊಡ್ಡ ಜಮೀನ್ದಾರನಿಗೂ ತನ್ನದೇ ಹಡಗುಕಟ್ಟೆ. ಸೊಪ್ಪು ಅಲ್ಲಿಂದಲೇ ಲಂಡನ್ನಿಗೆ ಹೋಗುತ್ತಿತ್ತು, ಲಂಡನ್ನಿನ ಸಾಮಾನು ಅಲ್ಲಿಗೇ ಬಂದಿಳಿಯುತ್ತಿತ್ತು. ಮನೆ ಬಾಗಿಲಿಗೇ ಪೇಟೆ ಬಂದರೆ ಬೇರೆ ಪೇಟೆ ಯಾಕೆ ಬೇಕು, ಅಲ್ವಾ?

ಅದಕ್ಕೇ ಇಲ್ಲಿಯ ಹಳೇ ಬಂಗಲೆಗಳನ್ನು ರಸ್ತೆಯಿಂದ ನೋಡಿದರೆ ಸಾಲದು, ಸುತ್ತಿಕೊಂಡು ನದಿಯ ಕಡೆಗೆ ಹೋಗಬೇಕು. ವೆಸ್ಟೋವರ್‌ನಲ್ಲಿ ಹಾಗೇ ಮಾಡಿದೆವು. ಕೆಂಪು ಇಟ್ಟಿಗೆಯ ಮನೆ, ಮುಂದೆ ದೊಡ್ಡ ಟ್ಯುಲಿಪ್ ಪಾಪ್ಲರ್ ಮರಗಳು, ನಾಲ್ಕು ಹೆಜ್ಜೆ ಹಾಕಿದರೆ ನೀರು. ಇನ್ನೊಂದು ಬದಿಯ ಕಬ್ಬಿಣದ ಗೇಟಿನ ಕಂಬಗಳ ಮೇಲೆ ಹದ್ದಿನ ಬೊಂಬೆಗಳಿವೆ. ಮನೆತನದ ಹೆಸರು ‘ಬರ್ಡ್’, ಹಕ್ಕಿ ಅನ್ನುವ ಇಂಗ್ಲಿಷ್ ಪದದ ಉಚ್ಚಾರವೇ. ಆ ಮನೆತನದ ಎರಡನೇ ವಿಲಿಯಂ ಬರ್ಡ್ ರಿಚ್ಮಂಡ್ ನಗರಕ್ಕೆ ಬುನಾದಿ ಹಾಕಿದವನು. ಅವನ ಸಮಾಧಿ ಇರುವುದು ಮಾತ್ರ ಸಿಟಿಯಿಲ್ಲದ ಈ ಕೌಂಟಿಯ ತೋಟದಲ್ಲಿ.

ಪಕ್ಕದ ಬರ್ಕ್ಲಿಯ ಬಂಗಲೆ 1726ರದು. ಅಮೆರಿಕದ ಒಂಬತ್ತನೇ ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ಹುಟ್ಟಿದ್ದು ಅಲ್ಲಿ. 1840ರ ಚುನಾವಣೆಯಲ್ಲಿ ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಜಾನ್ ಟೈಲರ್ ಕೂಡ ಇದೇ ಕೌಂಟಿಯವರು. ಗೆದ್ದು ಅಧಿಕಾರಕ್ಕೆ ಬಂದ ಒಂದು ತಿಂಗಳಿಗೇ ಹ್ಯಾರಿಸನ್ ತೀರಿಕೊಂಡರು, ಟೈಲರ್ ಅಧ್ಯಕ್ಷರಾದರು. ಅಮೆರಿಕದ ಸೈನಿಕರ ಅಂತ್ಯಕ್ರಿಯೆಯಲ್ಲಿ ತುತ್ತೂರಿಯಲ್ಲಿ ನುಡಿಸುವ ‘ಟ್ಯಾಪ್ಸ್’ ಎಂಬ ರಾಗ ರೂಪ ಪಡೆದದ್ದೂ ಬರ್ಕ್ಲಿಯ ನದಿದಡದಲ್ಲೇ, 1862ರಲ್ಲಿ, ಅಂತರ್ಯುದ್ಧದ ಸೇನೆ ಅಲ್ಲಿ ಬೀಡುಬಿಟ್ಟಿದ್ದಾಗ.

ಈ ಚಂದದ ಮನೆಗಳ ಮಧ್ಯೆ ಓಡಾಡುವಾಗ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು. ಹೊಗೆಸೊಪ್ಪು ಬೆಳೆದವರು ಗುಲಾಮರಾಗಿದ್ದ ಆಫ್ರಿಕಾದ ಜನ. ಕೌಂಟಿಯ ಚರಿತ್ರೆ ಅವರದೂ ಹೌದು. ಗುಲಾಮಗಿರಿ ಇನ್ನೂ ಇದ್ದಾಗಲೇ, 1810ರಲ್ಲಿ, ಸ್ವತಂತ್ರರಾಗಿದ್ದ ಕಪ್ಪು ಜನ ಇಲ್ಲಿ ಕಟ್ಟಿಕೊಂಡ ಈಲಂ ಬ್ಯಾಪ್ಟಿಸ್ಟ್ ಚರ್ಚು ಇವತ್ತಿಗೂ ಇದೆ. ಬಂಗಲೆ ನೋಡಲು ಬಂದವರು ಅದನ್ನೂ ನೋಡಿ ಹೋಗಬೇಕು ಅಂತ ನನ್ನ ಆಸೆ. ಇವರೆಲ್ಲರಿಗಿಂತ ಮೊದಲಿಂದ ಇರುವವರು ಚಿಕಹಾಮಿನಿ ಮೂಲನಿವಾಸಿಗಳು. ಅವರು ಈಗಲೂ ಇದೇ ಕೌಂಟಿಯಲ್ಲಿದ್ದಾರೆ. ಅಮೆರಿಕ ಸರ್ಕಾರ ಅವರನ್ನು ಅಧಿಕೃತವಾಗಿ ಒಂದು ಬುಡಕಟ್ಟು ಅಂತ ಒಪ್ಪಿದ್ದು 2018ರಲ್ಲಿ!

ಈಗ ಜಿಲ್ಲೆಯ ಮಾತಿಗೆ ಬರೋಣ. ಏಳು ಸಾವಿರ ಜನ ಅಂದರೆ ನಮ್ಮಲ್ಲಿ ಒಂದು ಗ್ರಾಮ ಪಂಚಾಯಿತಿ ಆಗಬಹುದು. ಆದರೆ ಇಷ್ಟೇ ಜನಕ್ಕೆ ಇಲ್ಲಿ ಸ್ವಂತ ಕೋರ್ಟಿದೆ, ಸ್ವಂತ ಶಾಲೆಗಳಿವೆ, ಜನರೇ ಓಟು ಹಾಕಿ ಆರಿಸುವ ಶೆರಿಫ್ ಇದ್ದಾರೆ. ನಮ್ಮ ಜಿಲ್ಲೆಗೆ ಡಿ.ಸಿ.ಯನ್ನು ಸರ್ಕಾರ ಕಳಿಸುತ್ತದೆ. ಇಲ್ಲಿ ಜನ ಆರಿಸಿದ ಮೂರು ಜನರ ಮಂಡಳಿ ಕೂತು ಮನೆ ಕಂದಾಯ ಎಷ್ಟು, ಶಾಲೆಗೆ ಎಷ್ಟು ದುಡ್ಡು ಅಂತ ತೀರ್ಮಾನಿಸುತ್ತದೆ. ಒಂದು ಕೈಯಲ್ಲಿ ಜಿಲ್ಲೆ, ಇನ್ನೊಂದು ಕೈಯಲ್ಲಿ ಪಂಚಾಯಿತಿ ಹಿಡಿದ ಹಾಗೆ.

ಗಾತ್ರಕ್ಕೆ ಲೆಕ್ಕವೇ ಇಲ್ಲ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು ಒಂದು ಕೋಟಿ ಜನ, ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ 2020ರಲ್ಲಿ 64 ಜನ. ಲೂಯಿಸಿಯಾನಾದಲ್ಲಿ ಕೌಂಟಿಗೆ ‘ಪ್ಯಾರಿಷ್’ ಅನ್ನುತ್ತಾರೆ, ಅಲಾಸ್ಕಾದಲ್ಲಿ ‘ಬರೋ’.

ಸಂಜೆ ಚಿಕಹಾಮಿನಿ ನದಿಯ ಸೇತುವೆ ದಾಟಿದೆವು. ಚಾರ್ಲ್ಸ್ ಸಿಟಿ ಕೌಂಟಿ ಅಲ್ಲಿಗೆ ಮುಗಿಯುತ್ತದೆ. ಆಚೆ ದಡ ಜೇಮ್ಸ್ ಸಿಟಿ ಕೌಂಟಿ, ಅದೂ 1634ರ ಎಂಟರಲ್ಲಿ ಒಂದು. ಇನ್ನೂ ಮುಂದೆ ಹೋದರೆ ವಿಲಿಯಮ್ಸ್‌ಬರ್ಗ್, ಕೊನೆಗೂ ಒಂದು ನಿಜವಾದ ಸಿಟಿ.

“ಇದು ಜೇಮ್ಸ್ ಸಿಟಿ ಕೌಂಟಿಗೆ ಸೇರಿದ್ದು ಅಲ್ವಾ?” ಅಂದೆ.

“ಇಲ್ಲಪ್ಪಾ, ವರ್ಜೀನಿಯಾದಲ್ಲಿ ಸಿಟಿ ಯಾವ ಕೌಂಟಿಗೂ ಸೇರಲ್ಲ,” ಅಂದಳು ಮಗಳು. ಆ ರಾಜ್ಯದಲ್ಲಿ 95 ಕೌಂಟಿಗಳು, ಅವುಗಳಿಂದ ಬೇರೆಯಾಗಿ 38 ಸಿಟಿಗಳು.