ಕರ್ತನಲ್ಲಿ ನಿದ್ರೆಹೋದವರು: ಬೆಳಗಾವಿಯ ಹಳೇ ಗೋರಿಗಲ್ಲುಗಳು ಹೇಳುವ ನಂಬಿಕೆ

ಬೆಳಗಾವಿಯಲ್ಲಿರುವ ನಮ್ಮ ಅಜ್ಜನ ಗೋರಿಯ ಮೇಲೆ ಹೆಸರು, ಎರಡು ತಾರೀಖು, ಕೆಳಗೆ ಬೈಬಲಿನ ಒಂದೇ ಒಂದು ಸಾಲು: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಪ್ರತಿ ವರ್ಷ ಈಸ್ಟರ್‌ಗೆ ಮುಂಚೆ ಆ ಕಲ್ಲು ತೊಳೆಯಲು ಹೋಗುತ್ತೇವೆ. ‘ಕೊರತೆ’ಯ ಒತ್ತಿಲ್ಲದ ದುಂಡು ಅಕ್ಷರಗಳ ಒಳಗೇ ಪಾಚಿ ಜಾಸ್ತಿ ಕೂತಿರುತ್ತದೆ. ಬೆರಳಿನಿಂದ ತಿಕ್ಕಿ ತೆಗೆಯಬೇಕು. ಚಿಕ್ಕವನಿದ್ದಾಗ ನನಗೆ ಕುರುಬ ಅಂದರೆ ಹೆಗಲ ಮೇಲೆ ಕಂಬಳಿ ಹೊದ್ದು, ಹಿಂಡು ಹೊಡೆದುಕೊಂಡು ನಮ್ಮ ರಸ್ತೆಯಲ್ಲೇ ಹಾದುಹೋಗುವವರು. ದೇವರೂ ಹಾಗೇ ಕಂಬಳಿ ಹೊದ್ದು ಅಜ್ಜನ ಜೊತೆ ಇದ್ದಾನೆ ಅಂದುಕೊಂಡಿದ್ದೆ. ಈಗಲೂ ಹಾಗೇ ಅನಿಸುತ್ತದೆ.

ಈ ಸಾಲು ಕಲ್ಲಿಗೆ ಬರುವ ಮೊದಲು ಇಂಗ್ಲಿಷ್ ಕಲ್ಲುಗಳು ಬಂದವು. 1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ಕೈಸೇರಿತು. ಕ್ಯಾಂಪ್, ಅಂದರೆ ದಂಡಿನ ಬೀಡು, ಬೆಳೆಯಿತು, ಜೊತೆಗೆ ಗೋರಿಗಳೂ ಬೆಳೆದವು. ಆ ಕಾಲದ ದಂಡಿನ ಗೋರಿಗಳ ಮೊದಲ ಸಾಲು ಹೆಚ್ಚಾಗಿ ‘ಸೇಕ್ರೆಡ್ ಟು ದ ಮೆಮೊರಿ ಆಫ್’, ಅಂದರೆ ಇಂಥವರ ಪವಿತ್ರ ನೆನಪಿಗೆ. ಆಮೇಲೆ ಹುದ್ದೆ, ಪಲ್ಟನ್ನು, ವಯಸ್ಸು. ವಯಸ್ಸು ಓದುವಾಗಲೇ ಹೊಟ್ಟೆ ಚುರ್ ಅನ್ನುತ್ತದೆ. ಕಾಲರಾ, ಜ್ವರ, ಹೆರಿಗೆ ಯಾರನ್ನೂ ಬಿಡಲಿಲ್ಲ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಅವರೇ 1827ರಲ್ಲಿ ಕಾಲರಾದಿಂದ ತೀರಿಕೊಂಡರು. ಸಿಪಾಯಿಯ ಹೆಂಡತಿ ಮಕ್ಕಳ ಪಾಡು ಏನು? ಮಕ್ಕಳ ಗೋರಿಗಳಿಗೆ ಆಗ ಹೆಚ್ಚು ಒಪ್ಪುತ್ತಿದ್ದ ವಚನ, ಬೈಬಲಿನಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನದು: ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು. ಅತ್ತು ಮುಗಿಸಿದ ತಾಯಿ ತಂದೆ ಇದನ್ನು ಕೆತ್ತಿಸಿದ್ದಾರೆ ಅನ್ನುವುದು ನೆನಪಿರಲಿ.

ಅಕ್ಷರ ಬಾರದವರಿಗೂ ಕಲ್ಲು ಮಾತಾಡುತ್ತಿತ್ತು. ಲಂಗರು ಇದ್ದರೆ ನಿರೀಕ್ಷೆ. ಬೈಬಲಿನ ಇಬ್ರಿಯರಿಗೆ ಬರೆದ ಪತ್ರಿಕೆ ನಿರೀಕ್ಷೆಯನ್ನು ಆತ್ಮದ ಲಂಗರು ಅನ್ನುತ್ತದೆ. ರೋಮಿನ ನೆಲದಡಿಯ ಗೋರಿಗಳಲ್ಲೂ ಇದೇ ಗುರುತು ಇದೆ. ಅರ್ಧಕ್ಕೆ ಮುರಿದ ಕಂಬ ಇದ್ದರೆ, ಎಳೇ ವಯಸ್ಸಿನಲ್ಲಿ ಹೋದ ಜೀವ. ‘ಐಎಚ್ಎಸ್’ ಅನ್ನುವ ಮೂರು ಅಕ್ಷರ ಗ್ರೀಕಿನಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರ. ಕಾಲನ್ನು ಪೂರ್ವಕ್ಕೆ ಮಾಡಿ ಮಲಗಿಸುವುದೂ ಹಳೇ ರೂಢಿ. ಸತ್ತವರು ಮತ್ತೆ ಎದ್ದಾಗ ಮುಖ ಸೂರ್ಯ ಹುಟ್ಟುವ ಕಡೆ ಇರಬೇಕು, ಕರ್ತನಾದ ಯೇಸು ಮತ್ತೆ ಬರುವುದು ಆ ದಿಕ್ಕಿನಿಂದ ಎಂಬ ನಂಬಿಕೆ.

ವಚನ ಕನ್ನಡದಲ್ಲಿ ಕಲ್ಲಿಗೇರಬೇಕಾದರೆ ಮೊದಲು ಕನ್ನಡದಲ್ಲಿ ವಚನ ಇರಬೇಕಲ್ವಾ? ಇಂಗ್ಲೆಂಡಿನ ಕ್ರೈಸ್ತ ಪ್ರಚಾರಕರ ಸಂಘವಾದ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. ಅದೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ಮಾಡುತ್ತಿದ್ದ ಪೂರ್ತಿ ಕನ್ನಡ ಬೈಬಲ್ 1831ರಲ್ಲಿ ಮುಗಿಯಿತು. ಟೇಲರ್ ನಂತರ ಬಂದ ವಿಲಿಯಂ ಬೆನನ್ ಅವರ ಹೆಸರು ಇಂದಿಗೂ ಬೆನನ್ ಸ್ಮಿತ್ ಹೈಸ್ಕೂಲಿನಲ್ಲಿದೆ. 1904ರಲ್ಲಿ ಈ ಮಿಷನ್ ಮೆಥಡಿಸ್ಟರ ಕೈಗೆ ಹೋಯಿತು. ಅತ್ತ ಬಾಗಲಕೋಟೆ ಕಡೆ ಗುಳೇದಗುಡ್ಡದ ನೇಕಾರರ ನಡುವೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1851ರಲ್ಲೇ ನೆಲೆಯೂರಿತ್ತು.

ಸಾವಿಗೆ ಯಾವ ಪದ ಬಳಸಬೇಕು ಅನ್ನುವುದೇ ದೊಡ್ಡ ವಿಷಯ. ನಮ್ಮ ಸೀಮೆಯಲ್ಲಿ ಲಿಂಗಾಯತರು ‘ಲಿಂಗೈಕ್ಯ’ರಾಗುತ್ತಾರೆ, ಅವರೂ ಮಣ್ಣಿಗೇ ಇಡುತ್ತಾರೆ. ಅದಕ್ಕೂ ಮುಂಚಿನ ವೀರಗಲ್ಲು ನೋಡಿ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಸತ್ತವರು ಎಲ್ಲಿಗೆ ಹೋದರು ಎಂದು ಕಲ್ಲಿನಲ್ಲಿ ಹೇಳುವುದು ಈ ನೆಲಕ್ಕೆ ಹೊಸದಲ್ಲ. ಆದರೆ ಕ್ರೈಸ್ತರ ಕಲ್ಲಿನ ಮಾತು ಬೇರೆ: ‘ಕರ್ತನಲ್ಲಿ ನಿದ್ರೆಹೋದರು’. ಇಲ್ಲಿ ತಲುಪಿ ಆಯಿತು ಅನ್ನುವುದಿಲ್ಲ, ಕಾಯುತ್ತಿದ್ದಾರೆ ಅನ್ನುತ್ತದೆ. ಸತ್ತುಹೋಗಿದ್ದ ಗೆಳೆಯ ಲಾಜರನ ಬಗ್ಗೆ, ಅವನು ನಿದ್ದೆ ಮಾಡುತ್ತಿದ್ದಾನೆ, ಎಬ್ಬಿಸಲು ಹೋಗುತ್ತೇನೆ ಎಂದು ಯೇಸು ಹೇಳಿದ ಮಾತಿನ ಧಾಟಿಯೇ ಇದು. ಇಂಗ್ಲಿಷಿನ ‘ಸೆಮೆಟ್ರಿ’ ಕೂಡ ಮಲಗುವ ಜಾಗ ಎಂಬ ಗ್ರೀಕ್ ಪದದಿಂದಲೇ ಬಂದಿದೆ. ಅಜ್ಜಿ ಅಜ್ಜನ ಗೋರಿ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದಳು. ‘ಮಲಗ್ಯಾರ, ಗದ್ದಲ ಮಾಡಬ್ಯಾಡ್ರಿ’ ಎಂದು ನಮ್ಮನ್ನು ಗದರುತ್ತಿದ್ದಳು.

ಬೆಳಗಾವಿಯ ಮಳೆಗೆ ಈ ಅಕ್ಷರಗಳು ಸವೆಯುತ್ತಿವೆ. ಅಮೃತಶಿಲೆಯ ಮೇಲೆ ಸೀಸ ತುಂಬಿ ಕೂರಿಸಿದ ಅಕ್ಷರಗಳಾದರೆ ಒಂದೊಂದಾಗಿ ಉದುರುತ್ತವೆ, ಸಣ್ಣ ತೂತುಗಳಷ್ಟೇ ಉಳಿಯುತ್ತವೆ. ತೊಳೆಯುವ ಭರದಲ್ಲಿ ನಾವೂ ಹಾಳು ಮಾಡುತ್ತೇವೆ. ಆಸಿಡ್ ಬೇಡ, ತಂತಿ ಬ್ರಷ್ ಬೇಡ, ಅಕ್ಷರಕ್ಕೆ ಆಯಿಲ್ ಪೇಂಟ್ ಬೇಡ. ಬರೀ ನೀರು, ಮೆತ್ತನೆ ಬ್ರಷ್ ಸಾಕು. ಓದಲು ಬಾರದಷ್ಟು ಸವೆದಿದ್ದರೆ ಸಂಜೆ ಐದರ ಮೇಲೆ ಹೋಗಿ. ಓರೆ ಬಿಸಿಲು ಬಿದ್ದಾಗ ಪ್ರತಿ ಗೀರಿನಲ್ಲೂ ನೆರಳು ನಿಲ್ಲುತ್ತದೆ, ಮಧ್ಯಾಹ್ನ ಕಾಣದ ಸಾಲು ಕಾಣುತ್ತದೆ. ಆಗಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಓದಿದ್ದನ್ನು ಅಲ್ಲೇ ಬರೆದಿಟ್ಟುಕೊಳ್ಳಿ.